ಬೆಕ್ಕಿಗೆ ಹೊಸ ಮನೆ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ನಾವು ಕೆಲವರು ಸೇರಿ, ಬೀದಿಯಲ್ಲಿ ಸಿಕ್ಕ ಮರಿಗಳಿಗೂ ಮನೆಯವರಿಗೆ ಬೇಡವಾದ ಬೆಕ್ಕುಗಳಿಗೂ ಹೊಸ ಮನೆ ಹುಡುಕುವ ಕೆಲಸವನ್ನು ಬಿಡುವಿನ ವೇಳೆಯಲ್ಲಿ ಮಾಡುತ್ತಾ ಬಂದಿದ್ದೇವೆ. ಫೋನಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಒಂದೆಡೆ ಉತ್ತರಿಸಿದ್ದೇವೆ. ಬಹುಪಾಲು ಕರೆಗಳು ‘ಇವತ್ತು ಸಂಜೆಯೊಳಗೆ ಇದನ್ನು ಯಾರಾದರೂ ತೆಗೆದುಕೊಂಡು ಹೋಗಬೇಕು’ ಎಂಬ ಮಾತಿನಿಂದಲೇ ಆರಂಭವಾಗುತ್ತವೆ. ಬೆಕ್ಕನ್ನು ಸಾಗಹಾಕುವುದು ಬೇರೆ, ಇನ್ನೊಬ್ಬರ ಕೈಗೆ ಒಪ್ಪಿಸುವುದು ಬೇರೆ. ಆ ಅವಸರದಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ನಾವು ಪಶುವೈದ್ಯರಲ್ಲ, ಆದ್ದರಿಂದ ಔಷಧಗಳ ಪ್ರಮಾಣವನ್ನು ಇಲ್ಲಿ ಹೇಳಿಲ್ಲ.

ನಮ್ಮ ಕಾಂಪೌಂಡಿನಲ್ಲಿ ಬೆಕ್ಕಿನ ಮರಿಗಳು ಸಿಕ್ಕಿವೆ. ಕೂಡಲೇ ಎತ್ತಿಕೊಂಡು ಬರಬೇಕೆ?

ಬೇಡ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಏಳು ಎಂಬ ಲೆಕ್ಕ ಹೇಗೇ ಇರಲಿ, ತಾಯಿ ಜಾಗ ಬದಲಾಯಿಸುವುದು ನಿಜ. ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಗುವುದರಿಂದ ಉಳಿದವು ಸ್ವಲ್ಪ ಹೊತ್ತು ಒಂಟಿಯಾಗಿ ಕಾಣುತ್ತವೆ. ಆಹಾರ ಹುಡುಕಲು ಹೋದ ತಾಯಿಯೂ ಕೆಲವು ಗಂಟೆ ಬಾರದಿರಬಹುದು. ಮರಿಗಳು ಹೊಟ್ಟೆ ತುಂಬಿದಂತೆ ದುಂಡಗಿದ್ದು, ಒಂದಕ್ಕೊಂದು ಒತ್ತಿಕೊಂಡು ಸುಮ್ಮನೆ ಮಲಗಿದ್ದರೆ ತಾಯಿ ಇದ್ದಾಳೆಂದೇ ತಿಳಿಯಬೇಕು. ದೂರದಿಂದ, ಸಾಧ್ಯವಾದರೆ ಕಿಟಕಿಯ ಒಳಗಿನಿಂದ, ನಾಲ್ಕೈದು ಗಂಟೆ ಗಮನಿಸಿರಿ. ಹತ್ತಿರವೇ ನಿಂತು ಕಾದರೆ ಆಕೆ ಬರುವುದಿಲ್ಲ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಬಹುಮಟ್ಟಿಗೆ ಸುಳ್ಳು. ಆದ್ದರಿಂದ ಮಳೆಗೆ ನೆನೆಯುತ್ತಿದ್ದರೆ, ನಾಯಿಯ ಭಯವಿದ್ದರೆ, ಇರುವೆ ಮುತ್ತಿದ್ದರೆ, ಪಕ್ಕದ ಸುರಕ್ಷಿತ ಮೂಲೆಗೆ ಸರಿಸಲು ಹಿಂಜರಿಯಬೇಕಾಗಿಲ್ಲ.

ತಾಯಿ ಬರಲೇ ಇಲ್ಲ. ಈಗ ಏನು ಮಾಡಬೇಕು?

ಮೊದಲು ಬಿಸುಪು, ಆಮೇಲೆ ಆಹಾರ. ಮೈ ತಣ್ಣಗಾದ ಮರಿಗೆ ಹಾಲು ಕುಡಿಸಿದರೆ ಅದು ಅರಗುವುದಿಲ್ಲ, ಶ್ವಾಸಕೋಶಕ್ಕೂ ಹೋಗಬಹುದು. ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಸೀರೆ ಹಾಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಬದಿಗಿಟ್ಟರೆ ಸಾಕು. ಸೆಕೆ ಎನಿಸಿದಾಗ ಮರಿ ಆಚೆ ಸರಿಯಲು ಜಾಗವಿರಬೇಕು.

ಹುಟ್ಟಿದಾಗ ಮರಿಯ ತೂಕ ಸುಮಾರು 100 ಗ್ರಾಂ ಇರುತ್ತದೆ. ತಿಂಗಳಿಗೆ ಸುಮಾರು 450, ಎರಡು ತಿಂಗಳಿಗೆ 900 ಗ್ರಾಂ ಆಗುತ್ತದೆ. ಅಡುಗೆಮನೆಯ ತಕ್ಕಡಿಯೇ ವಯಸ್ಸು ಹೇಳಿಬಿಡುತ್ತದೆ. ಕಣ್ಣು ತೆರೆಯುವುದು 7ರಿಂದ 14ನೇ ದಿನದ ನಡುವೆ, ಮುಂಭಾಗದ ಪುಟ್ಟ ಹಲ್ಲು ಕಾಣಿಸುವುದು ಮೂರನೇ ವಾರದ ಹೊತ್ತಿಗೆ. ನಾಲ್ಕು ವಾರ ತುಂಬುವವರೆಗೆ ಹಸುವಿನ ಹಾಲು ಕೊಡಬೇಡಿರಿ. ಅದರಿಂದ ಭೇದಿಯಾಗಿ, ಅಷ್ಟು ಚಿಕ್ಕ ಮೈಯ ನೀರೆಲ್ಲ ಒಂದೇ ದಿನದಲ್ಲಿ ಆರಿಹೋಗಬಹುದು. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ದೊಡ್ಡ ಪೆಟ್ ಅಂಗಡಿಗಳಲ್ಲಿಯೂ ಪಶುವೈದ್ಯರ ಬಳಿಯೂ ಸಿಗುತ್ತದೆ. ಮೊದಲ ವಾರಗಳಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಮರಿಯನ್ನು ಬೋರಲಾಗಿ ಹಿಡಿದು ಕುಡಿಸಬೇಕು. ಮಗುವಿನಂತೆ ಅಂಗಾತ ಹಿಡಿಯಬಾರದು. ಪ್ರತಿ ಸಲ ಕುಡಿಸಿದ ಬಳಿಕ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಮೆಲ್ಲನೆ ಒರೆಸದಿದ್ದರೆ ಅದಕ್ಕೆ ತಾನಾಗಿ ಮೂತ್ರ ಮಾಡಲು ಬರುವುದಿಲ್ಲ. ಇಷ್ಟು ಆಗದು ಎನಿಸಿದರೆ, ಬೇರೆಡೆ ಮರಿ ಹಾಕಿರುವ ತಾಯಿಬೆಕ್ಕನ್ನು ವಿಚಾರಿಸಿರಿ. ಹೆಚ್ಚಿನ ತಾಯಂದಿರು ಅನ್ಯರ ಮರಿಗೂ ಹಾಲೂಡುತ್ತವೆ.

ದೊಡ್ಡ ಬೆಕ್ಕೊಂದು ಬಂದು ಸೇರಿಕೊಂಡಿದೆ. ಅದು ಯಾರದೋ ಏನೋ, ತಿಳಿಯುವುದು ಹೇಗೆ?

ಕಳೆದುಹೋದ ಬೆಕ್ಕಿಗೆ ಹೊಸ ಮನೆ ಹುಡುಕಿದರೆ ಒಬ್ಬರ ಕಣ್ಣೀರಿಗೆ ನಾವು ಕಾರಣರಾಗುತ್ತೇವೆ, ಆದ್ದರಿಂದ ಈ ವಿಚಾರಣೆ ಕಡ್ಡಾಯ. ಕೊರಳಿಗೆ ಸಡಿಲವಾಗಿ ಕಾಗದದ ಪಟ್ಟಿ ಸುತ್ತಿ, ‘ಈ ಬೆಕ್ಕು ನಿಮ್ಮದೇ?’ ಎಂದು ಬರೆದು ಫೋನ್ ಸಂಖ್ಯೆ ಸೇರಿಸಿ ಬಿಟ್ಟರೆ, ಅದು ರಾತ್ರಿ ಹೋಗುವ ಮನೆಯವರೇ ಕರೆ ಮಾಡುವುದುಂಟು. ಒಂದೇ ಬೆಕ್ಕು ಮೂರು ಮನೆಗಳಲ್ಲಿ ಮೂರು ಹೆಸರಿನಿಂದ ಊಟ ಮಾಡುತ್ತಿದ್ದುದು ನಮಗೆ ಹೀಗೆಯೇ ತಿಳಿದದ್ದು. ಕಿವಿಯ ತುದಿ ನೇರವಾಗಿ ಕತ್ತರಿಸಿದಂತಿದ್ದರೆ ಅದು ಗಾಯವಲ್ಲ; ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಮರಳಿ ಬಿಟ್ಟ ಬೀದಿ ಬೆಕ್ಕೆಂಬುದರ ಗುರುತು. ಬಡಾವಣೆಯ ವಾಟ್ಸ್ಆ್ಯಪ್ ಗುಂಪು, ಹಾಲಿನ ಅಂಗಡಿ, ಹತ್ತಿರದ ಪಶುವೈದ್ಯರಲ್ಲಿ ವಿಚಾರಿಸಿ ಎರಡು ವಾರ ಕಾಯುವುದು ನ್ಯಾಯ.

ಬೀದಿಯ ಎಲ್ಲ ಬೆಕ್ಕುಗಳಿಗೂ ಮನೆ ಹುಡುಕಬೇಕೆ?

ಇಲ್ಲ. ಎರಡರಿಂದ ಏಳು ವಾರಗಳ ವಯಸ್ಸಿನಲ್ಲಿ ಮನುಷ್ಯರ ಕೈ ಸೋಕದೆ ಬೆಳೆದ ಬೆಕ್ಕು ದೊಡ್ಡದಾದ ಮೇಲೆ ಮನೆಯೊಳಗೆ ನೆಮ್ಮದಿಯಿಂದ ಇರುವುದು ಅಪರೂಪ. ಅಂಥದ್ದನ್ನು ಹಿಡಿದು ಫ್ಲ್ಯಾಟಿನಲ್ಲಿ ಕೂಡಿಹಾಕುವುದು ದಯೆಯಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲಿಯೇ ಬಿಟ್ಟು, ದಿನವೂ ಒಂದು ಹೊತ್ತಿಗೆ ಊಟವಿಟ್ಟರೆ ಅದಕ್ಕೆ ಅದೇ ಮನೆ.

ಮನೆಯಲ್ಲಿ ಗರ್ಭಿಣಿ ಇದ್ದಾರೆ, ಅಥವಾ ಮಗುವಿಗೆ ಅಲರ್ಜಿ ಎನ್ನುತ್ತಾರೆ. ಬೆಕ್ಕನ್ನು ಕೊಡಲೇಬೇಕೆ?

ಗರ್ಭಿಣಿಯರ ವಿಷಯದಲ್ಲಿ ಹೇಳುವ ಭಯ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯದು. ಅದು ಬೆಕ್ಕಿನ ಮಲದಲ್ಲಿ ಹೊರಬಂದರೂ ಸೋಂಕು ತಗಲಿಸುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕಾಗುವುದರಿಂದ, ಮನೆಯ ಬೇರೊಬ್ಬರು ಲಿಟರ್ ಟ್ರೇಯನ್ನು (ಬೆಕ್ಕು ಮಲಮೂತ್ರ ಮಾಡುವ ತಟ್ಟೆಯನ್ನು) ದಿನವೂ ತೆಗೆದು ತೊಳೆದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣು ಇವುಗಳಿಂದಲೂ ಅದೇ ಸೋಂಕು ಬರುತ್ತದೆಂಬುದನ್ನು ಬೆಕ್ಕನ್ನು ಹೊರಗಟ್ಟುವವರು ಮರೆಯುತ್ತಾರೆ. ಪ್ರಸೂತಿ ವೈದ್ಯರೊಡನೆ ಮಾತನಾಡಿ ತೀರ್ಮಾನಿಸಿರಿ.

ಅಲರ್ಜಿ ನಿಜವಾದ ತೊಂದರೆ. ಬೆಕ್ಕಿನ ಕೂದಲು ಹೊಟ್ಟೆಗೆ ಹೋಗಿ ಕಾಯಿಲೆಯಾಗುತ್ತದೆ ಎಂಬ ನಂಬಿಕೆಗೂ ಅಲರ್ಜಿಗೂ ಸಂಬಂಧವಿಲ್ಲ. ಅಲರ್ಜಿಗೆ ಕಾರಣ ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಪ್ರೋಟೀನು. ಪರೀಕ್ಷೆ ಮಾಡಿಸಿದ ಬಳಿಕ ವೈದ್ಯರು ಬೇಡವೆಂದರೆ ಕೊಡುವುದೇ ಸರಿ, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಇನ್ನು ‘ಎಲ್ಲೆಂದರಲ್ಲಿ ಮೂತ್ರ ಸಿಂಪಡಿಸುತ್ತದೆ’ ಎಂದು ಗಂಡುಬೆಕ್ಕನ್ನು ಕೊಡಲು ಬರುವವರಿಗೆ ನಾವು ಮೊದಲು ಕೇಳುವುದು ಶಸ್ತ್ರಚಿಕಿತ್ಸೆ ಮಾಡಿಸಿದ್ದೀರಾ ಎಂದು. ಮಾಡಿಸಿದ ಮೇಲೆ ಹೆಚ್ಚಿನವು ಆ ಅಭ್ಯಾಸ ಬಿಡುತ್ತವೆ.

ನಾವು ವಿದೇಶಕ್ಕೆ ಹೊರಟಿದ್ದೇವೆ. ಬೆಕ್ಕನ್ನು ಇಲ್ಲಿಯೇ ಬಿಡುವುದೇ ದಾರಿಯೆ?

ಪ್ರಯಾಣಕ್ಕೆ ಎರಡು ವಾರವಿರುವಾಗ ಬರುವ ಈ ಕರೆ ನಮಗೆ ಅತ್ಯಂತ ಬೇಸರ ತರಿಸುವಂಥದ್ದು, ಏಕೆಂದರೆ ಆರು ತಿಂಗಳು ಮೊದಲು ಯೋಚಿಸಿದ್ದರೆ ಬೆಕ್ಕನ್ನು ಜೊತೆಯಲ್ಲಿಯೇ ಕರೆದೊಯ್ಯಬಹುದಿತ್ತು. ಉದಾಹರಣೆಗೆ ಜರ್ಮನಿ ಮೊದಲಾದ ಐರೋಪ್ಯ ಒಕ್ಕೂಟದ ದೇಶಗಳಿಗೆ ಭಾರತದಿಂದ ಹೋಗುವ ಬೆಕ್ಕಿಗೆ ಮೊದಲು ಮೈಕ್ರೋಚಿಪ್ (ಚರ್ಮದಡಿ ಹಾಕುವ ಪುಟ್ಟ ಗುರುತಿನ ಚಿಪ್), ಆಮೇಲೆ ರೇಬೀಸ್ ಲಸಿಕೆ, ಲಸಿಕೆಯಾಗಿ ಕನಿಷ್ಠ 30 ದಿನಗಳ ಬಳಿಕ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ, ಈ ಕ್ರಮದಲ್ಲಿಯೇ ಆಗಬೇಕು. ಚಿಪ್ ಹಾಕುವ ಮೊದಲು ಕೊಟ್ಟ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಹೊರಡುವ ಮುನ್ನದ ಪ್ರಮಾಣಪತ್ರವನ್ನು ಕೇಂದ್ರ ಸರ್ಕಾರದ ಪ್ರಾಣಿ ಸಂಪರ್ಕತಡೆ ಮತ್ತು ಪ್ರಮಾಣೀಕರಣ ಕಚೇರಿ ಕೊಡುತ್ತದೆ. ಅದರ ಕೇಂದ್ರವೊಂದು ಬೆಂಗಳೂರಿನಲ್ಲಿಯೇ ಇದೆ. ವೀಸಾಕ್ಕೆ ಅರ್ಜಿ ಹಾಕುವ ವಾರವೇ ಚಿಪ್ ಹಾಕಿಸಿಬಿಡಿರಿ. ಒಯ್ಯಲು ಸಾಧ್ಯವೇ ಇಲ್ಲವೆಂದಾದರೂ ಹೊಸ ಮನೆ ಹುಡುಕಲು ಕನಿಷ್ಠ ಎರಡು ತಿಂಗಳು ಇಟ್ಟುಕೊಳ್ಳಿರಿ.

ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟರೆ ಬದುಕಿಕೊಳ್ಳುವುದಿಲ್ಲವೆ? ನಮ್ಮ ಊರಿನಲ್ಲಿ ಹಾಗೆಯೇ ಮಾಡುತ್ತಿದ್ದರು.

ಗೋಣಿಚೀಲದಲ್ಲಿ ಕಟ್ಟಿ, ಹೊಳೆ ದಾಟಿಸಿ ಬಿಟ್ಟು ಬರುತ್ತಿದ್ದುದು ನಮಗೂ ಗೊತ್ತು. ಬೆಕ್ಕು ಜಾಗಕ್ಕೆ ಅಂಟಿಕೊಳ್ಳುವ ಪ್ರಾಣಿ. ಮಾರುಕಟ್ಟೆಯಲ್ಲಿ ಮೊದಲೇ ಇರುವ ಗಂಡುಬೆಕ್ಕುಗಳೂ ನಾಯಿಗಳೂ ಹೊಸದನ್ನು ಊಟದ ಬಳಿ ಸುಳಿಯಗೊಡುವುದಿಲ್ಲ. ಅದು ಮರಳಿ ಮನೆಗೆ ಹೊರಡುತ್ತದೆ, ದಾರಿಯಲ್ಲಿ ರಸ್ತೆಗಳಿವೆ. ‘ಬದುಕಿಕೊಂಡಿರುತ್ತದೆ’ ಎಂದು ನಾವು ಅಂದುಕೊಳ್ಳುವುದು ನೋಡಲು ಮತ್ತೆ ಹೋಗದಿರುವುದರಿಂದ.

ಕಾನೂನಿನ ಪ್ರಕಾರವೂ ಇದು ಅಪರಾಧ. ಹಸಿವು, ಬಾಯಾರಿಕೆಯಿಂದ ನರಳುವ ಸಂಭವವಿರುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಕ್ರೌರ್ಯವೆಂದು ಕರೆದಿದೆ. ಮೊದಲ ಅಪರಾಧಕ್ಕೆ ಅದು ಹೇಳುವ ದಂಡ 10ರಿಂದ 50 ರೂಪಾಯಿ. ಆ ಕಾಲಕ್ಕೆ ಅದು ದೊಡ್ಡ ಮೊತ್ತವಿದ್ದಿರಬೇಕು. ವಿಷವಿಕ್ಕಿದರೆ ಅಥವಾ ಕೊಂದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಅನ್ವಯ ಐದು ವರ್ಷಗಳವರೆಗೆ ಸೆರೆವಾಸವಾಗಬಹುದು.

ಯಾವುದಾದರೂ ಆಶ್ರಯಧಾಮಕ್ಕೆ ಕೊಡಬಹುದಲ್ಲವೆ?

ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾದಂತಹ ಸಂಸ್ಥೆಗಳಿವೆ. ಆದರೆ ಇಂತಹ ಕಡೆಗಳಲ್ಲಿ ಇರುವ ಜಾಗವೆಲ್ಲ ಅಪಘಾತವಾದ, ಕಾಯಿಲೆಬಿದ್ದ ಪ್ರಾಣಿಗಳಿಗೇ ಸಾಲದು. ಆರೋಗ್ಯವಾಗಿರುವ ಮನೆಬೆಕ್ಕನ್ನು ನೂರು ಪ್ರಾಣಿಗಳ ನಡುವೆ ಇಟ್ಟರೆ ಅದು ಭಯದಿಂದ ಊಟ ಬಿಟ್ಟು, ಸುಲಭವಾಗಿ ಸೋಂಕಿಗೆ ತುತ್ತಾಗುತ್ತದೆ. ಮನೆ ಸಿಗುವವರೆಗೆ ನಿಮ್ಮಲ್ಲಿಯೇ, ಆಗದಿದ್ದರೆ ಪರಿಚಿತರ ಮನೆಯ ಒಂದು ಕೋಣೆಯಲ್ಲಿ ಇಡುವುದು ಎಷ್ಟೋ ಮೇಲು.

ಕೊಡುವ ಮೊದಲು ಏನೇನು ಮಾಡಿಸಿರಬೇಕು?

ಜಂತುಹುಳುವಿನ ಔಷಧ, ಚಿಗಟದ ಚಿಕಿತ್ಸೆ, ಲಸಿಕೆ, ತಕ್ಕ ವಯಸ್ಸಾಗಿದ್ದರೆ ಸಂತಾನಹರಣ. ನಾಯಿಗೆ ಹಚ್ಚುವ ಉಣ್ಣಿಯ ಔಷಧದಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿನ ಜೀವಕ್ಕೇ ಅಪಾಯ. ಪ್ಯಾರಾಸಿಟಮಾಲ್ ಮಾತ್ರೆಯೂ ಹಾಗೆಯೇ. ನೆಲಕ್ಕೆ ಹಾಕುವ ಫಿನಾಯಿಲ್ ಕೂಡ ಅಂಗಾಲಿಗೆ ಅಂಟಿ, ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ.

ಬೆಕ್ಕಿನ ಮೂರು ಮುಖ್ಯ ಸೋಂಕುಗಳ ವಿರುದ್ಧದ ಲಸಿಕೆಯನ್ನು ಆರರಿಂದ ಎಂಟು ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ನಾಲ್ಕು ತಿಂಗಳು ತುಂಬುವವರೆಗೆ ಮುಂದುವರಿಸುತ್ತಾರೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಆ ಮೂರರಲ್ಲಿ ಪ್ಯಾನ್‌ಲ್ಯೂಕೊಪೀನಿಯಾ ಮರಿಗಳನ್ನು ವಾಂತಿಭೇದಿಯಿಂದ ಎರಡು ಮೂರು ದಿನಗಳಲ್ಲಿ ಕೊಲ್ಲಬಲ್ಲದು, ಅದರ ವೈರಸ್ ನೆಲ, ಚಾಪೆ, ಬುಟ್ಟಿಗಳಲ್ಲಿ ವರ್ಷದವರೆಗೂ ಉಳಿಯಬಲ್ಲದು. ಆದ್ದರಿಂದ ಅದರಿಂದ ಮರಿ ಸತ್ತ ಮನೆಗೆ ಲಸಿಕೆಯಾಗದ ಇನ್ನೊಂದು ಮರಿಯನ್ನು ನಾವು ಕೊಡುವುದಿಲ್ಲ. ದುಃಖದಲ್ಲಿರುವವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇವೆ.

ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭದ ಅವಧಿ ಒಂಬತ್ತು ವಾರ, ಹಾಲೂಡುತ್ತಿರುವಾಗಲೂ ಮತ್ತೆ ಗರ್ಭ ನಿಲ್ಲಬಹುದು. ಹಗಲು ಹೆಚ್ಚು ಕುಗ್ಗದ ನಮ್ಮ ಸೀಮೆಯಲ್ಲಿ ಇದಕ್ಕೆ ಋತುವಿನ ತಡೆಯೂ ಇಲ್ಲ. ಹೀಗಿರುವಾಗ ಶಸ್ತ್ರಚಿಕಿತ್ಸೆಯಾಗದ ಹೆಣ್ಣುಮರಿಯನ್ನು ಕೊಡುವುದೆಂದರೆ ಮುಂದಿನ ವರ್ಷದ ಹತ್ತು ಕರೆಗಳನ್ನು ನಾವೇ ಬರಮಾಡಿಕೊಂಡಂತೆ. ಖಾಸಗಿ ಚಿಕಿತ್ಸಾಲಯದ ವೆಚ್ಚ ಭಾರವೆನಿಸಿದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರಿನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಮರಿಯನ್ನು ಎಷ್ಟು ವಯಸ್ಸಿಗೆ ಕೊಡಬಹುದು?

ಎಂಟು ವಾರಕ್ಕೆ ಮೊದಲು ಬೇಡ, ಹತ್ತಾದರೆ ಇನ್ನೂ ಒಳ್ಳೆಯದು. ಕಚ್ಚುವಾಗ ಎಷ್ಟು ಬಿಗಿ, ಪರಚುವಾಗ ಎಷ್ಟು ಮಿತಿ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುತ್ತಲೇ. ದಿನವಿಡೀ ಬೀಗ ಹಾಕಿರುವ ಮನೆಗೆ ಜೋಡಿ ಮರಿ ಕೊಡುವುದನ್ನು ನಾವು ಇಷ್ಟಪಡುತ್ತೇವೆ.

ಜಾಹೀರಾತಿನಲ್ಲಿ ಏನು ಬರೆಯಬೇಕು?

ಇದ್ದದ್ದನ್ನು ಬರೆಯಬೇಕು. ಹಗಲು ಬೆಳಕಿನಲ್ಲಿ, ಬೆಕ್ಕಿನ ಕಣ್ಣಿನ ಮಟ್ಟದಿಂದ ತೆಗೆದ ಎರಡು ಚಿತ್ರ, ವಯಸ್ಸು, ಗಂಡೋ ಹೆಣ್ಣೋ, ಲಸಿಕೆಯ ವಿವರ, ಲಿಟರ್ ಅಭ್ಯಾಸ, ನಾಯಿಯನ್ನು ಕಂಡರೆ ಹೇಗೆ ವರ್ತಿಸುತ್ತದೆ ಎಂಬುದು. ಮರಿ ಗಂಡೋ ಹೆಣ್ಣೋ ತಿಳಿಯದಿದ್ದರೆ ಬಣ್ಣವೂ ಸುಳಿವು ಕೊಡುತ್ತದೆ: ಕಪ್ಪು, ಬಿಳಿ, ಕೇಸರಿ ಮೂರೂ ಇದ್ದರೆ ಬಹುತೇಕ ಹೆಣ್ಣು, ಬರೀ ಕೇಸರಿಯಾದರೆ ಹೆಚ್ಚಾಗಿ ಗಂಡು. ದೋಷವನ್ನು ಮುಚ್ಚಿಡಬೇಡಿರಿ. ‘ಅಪರಿಚಿತರನ್ನು ಕಂಡರೆ ಮಂಚದ ಕೆಳಗೆ ಸೇರುತ್ತದೆ’ ಎಂದು ಬರೆದ ಬೆಕ್ಕಿಗೆ ಬರುವ ಕರೆಗಳು ನಾಲ್ಕೇ ಆದರೂ, ಆ ನಾಲ್ವರು ಅಂತಹ ಬೆಕ್ಕನ್ನು ಒಪ್ಪಿಯೇ ಕರೆ ಮಾಡಿರುತ್ತಾರೆ. ‘ಉಚಿತ’ ಎಂಬ ಪದವನ್ನೂ ಮನೆಯ ವಿಳಾಸವನ್ನೂ ಜಾಹೀರಾತಿನಲ್ಲಿ ಹಾಕಬೇಡಿರಿ. ಮೊದಲನೆಯದು ಮರುಮಾರಾಟಗಾರರನ್ನು ಕರೆಯುತ್ತದೆ, ಎರಡನೆಯದು ರಾತ್ರೋರಾತ್ರಿ ನಿಮ್ಮ ಗೇಟಿನ ಬಳಿ ಇನ್ನೂ ನಾಲ್ಕು ಮರಿಗಳನ್ನು ತಂದಿಡಿಸುತ್ತದೆ.

ಕೇಳಿದವರಲ್ಲಿ ಯಾರಿಗೆ ಕೊಡಬೇಕು?

ಸಂಬಂಧ ನೋಡುವಾಗ ನಾವು ಎಷ್ಟು ವಿಚಾರಿಸುತ್ತೇವೆಯೋ ಅದರ ಕಾಲುಭಾಗವನ್ನಾದರೂ ಇಲ್ಲಿ ವಿಚಾರಿಸಬೇಕು. ಬಾಡಿಗೆ ಮನೆಯೆ, ಮಾಲೀಕರು ಒಪ್ಪಿದ್ದಾರೆಯೆ, ಮನೆಯ ಹಿರಿಯರಿಗೆ ಸಮ್ಮತವೆ, ಮೊದಲು ಸಾಕಿದ ಬೆಕ್ಕು ಏನಾಯಿತು, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ. ‘ಮೊದಲಿನದು ಓಡಿಹೋಯಿತು, ಅದಕ್ಕೆ ಮೊದಲಿನದೂ ಓಡಿಹೋಯಿತು’ ಎಂಬ ಉತ್ತರ ಬಂದರೆ ಮೂರನೆಯದನ್ನು ಕೊಡುವುದು ಹೇಗೆ? ಮಗಳ ಹುಟ್ಟುಹಬ್ಬಕ್ಕೆ ಅಚ್ಚರಿಯ ಉಡುಗೊರೆಯಾಗಿ ಬೇಕೆನ್ನುವವರಿಗೆ, ಹಬ್ಬ ಮುಗಿದ ಮೇಲೆ ಎಲ್ಲರೂ ಸೇರಿ ಬನ್ನಿ ಎನ್ನುತ್ತೇವೆ.

ಮನೆಯನ್ನು ಕಣ್ಣಾರೆ ನೋಡಿಯೇ ಕೊಡಿರಿ. ಈ ಮಾತನ್ನು ನಾವು ಕಲಿತದ್ದು ಬೆಲೆ ತೆತ್ತು. ಹಲವು ವರ್ಷಗಳ ಹಿಂದೆ ಸಭ್ಯರಾದ ದಂಪತಿಗಳಿಗೆ, ಫೋನಿನಲ್ಲಿ ಮಾತನಾಡಿದ್ದೇ ಸಾಕೆಂದು ಎರಡು ಮರಿಗಳನ್ನು ಕೊಟ್ಟೆವು. ಐದನೇ ಮಹಡಿಯ ಬಾಲ್ಕನಿಗೆ ಬಲೆ ಇರಲಿಲ್ಲ, ಪಾರಿವಾಳದ ಹಿಂದೆ ನೆಗೆದ ಒಂದು ಮರಿ ಉಳಿಯಲಿಲ್ಲ. ಅವರ ತಪ್ಪಲ್ಲ, ಕೇಳದಿದ್ದ ನಮ್ಮ ತಪ್ಪು. ಪಾರಿವಾಳ ತಡೆಯಲು ಹಾಕಿಸುವ ನೈಲಾನ್ ಬಲೆಯನ್ನೇ ಬಿಗಿಯಾಗಿ, ಕೆಳಗಿನವರೆಗೆ ಹಾಕಿಸಿದರೆ ಸಾಕಾಗುತ್ತದೆ, ಆದರೆ ಬೆಕ್ಕು ಬರುವ ಮೊದಲು ಹಾಕಿಸಿರಬೇಕು. ಕೊಡುವ ದಿನ ಎರಡೂ ಕಡೆಯವರು ಸಹಿ ಮಾಡಿದ ಒಂದು ಪುಟದ ಒಪ್ಪಂದವಿರಲಿ. ಸಂತಾನಹರಣ ಮಾಡಿಸುವುದು, ಬೇಡವಾದರೆ ನಿಮಗೇ ಮರಳಿಸುವುದು ಎಂಬ ಎರಡು ಮಾತು ಅದರಲ್ಲಿ ಇರಲೇಬೇಕು. ಗುರುತಿನ ಚೀಟಿಯನ್ನು ನೋಡಿದರೆ ಸಾಕು, ಪ್ರತಿ ಇಟ್ಟುಕೊಳ್ಳುವ ಅಗತ್ಯವಿಲ್ಲ.

ನಾವು ಸಸ್ಯಾಹಾರಿಗಳು. ಮೊಸರನ್ನ ಹಾಕಿ ಸಾಕಬಹುದೆ?

ನಮ್ಮ ಅಜ್ಜಿಯ ಬೆಕ್ಕು ಮೊಸರನ್ನ ತಿಂದು ಹನ್ನೆರಡು ವರ್ಷ ಬದುಕಿತ್ತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಬೆಕ್ಕು ಅಟ್ಟದ ಇಲಿಯನ್ನೂ ಹಿತ್ತಲಿನ ಓತಿಕ್ಯಾತವನ್ನೂ ಅಜ್ಜಿಗೆ ಹೇಳದೆ ತಿನ್ನುತ್ತಿತ್ತು. ಎರಡನೇ ಮಹಡಿಯ ಬಾಗಿಲು ಮುಚ್ಚಿದ ಫ್ಲ್ಯಾಟಿನಲ್ಲಿ ಆ ಇಲಿ ಇಲ್ಲ. ಬೆಕ್ಕು ಮಾಂಸಾಹಾರವಿಲ್ಲದೆ ಬದುಕಲಾರದ ಪ್ರಾಣಿ. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಅದರ ಕಣ್ಣೂ ಹೃದಯವೂ ನಿಧಾನವಾಗಿ ಕೆಡುತ್ತವೆ. ಹಾಗೆಂದು ಸಸ್ಯಾಹಾರಿಗಳ ಮನೆಗೆ ಕೊಡುವುದಿಲ್ಲವೆಂದಲ್ಲ. ಬೆಕ್ಕಿಗೆಂದೇ ಮಾಡಿದ ಒಣ ಆಹಾರದ ಪೊಟ್ಟಣವನ್ನು ಮನೆಯೊಳಗೆ ತರಲು ಎಲ್ಲರೂ ಒಪ್ಪಿದರೆ ಕೊಡುತ್ತೇವೆ, ಮತ್ತು ಅಂತಹ ಮನೆಗಳಲ್ಲಿ ಬೆಕ್ಕುಗಳು ಚೆನ್ನಾಗಿಯೇ ಇವೆ.

ಕಪ್ಪು ಬೆಕ್ಕನ್ನು ಯಾರಾದರೂ ತೆಗೆದುಕೊಳ್ಳುತ್ತಾರೆಯೆ?

ತೆಗೆದುಕೊಳ್ಳುತ್ತಾರೆ, ತಡವಾಗುತ್ತದೆ. ಬೆಕ್ಕು ಅಡ್ಡ ಬಂದರೆ ಹೊರಟವರು ಒಂದು ಗಳಿಗೆ ನಿಂತು ಹೋಗುವ ನಾಡಿನಲ್ಲಿ, ‘ನನಗೇನೂ ಇಲ್ಲ, ಅತ್ತೆಯವರು ಒಪ್ಪುವುದಿಲ್ಲ’ ಎನ್ನುವ ಕರೆಗಳು ಬರುತ್ತಲೇ ಇರುತ್ತವೆ. ಅತ್ತೆಯವರನ್ನು ಒಲಿಸುವ ಕೆಲಸವನ್ನು ಬೆಕ್ಕಿನ ಮೇಲೆ ಹೊರಿಸಬಾರದು. ಮನೆಯವರೆಲ್ಲ ಒಪ್ಪಿದ ಕಡೆಗೇ ಕೊಡಿರಿ.

ಪರ್ಶಿಯನ್ ಬೆಕ್ಕಾದರೆ ಬೇಗ ಹೋಗುತ್ತದೆ ಅಲ್ಲವೆ?

ಒಂದು ಗಂಟೆಯಲ್ಲಿ ಐವತ್ತು ಕರೆ ಬಂದೀತು, ಅಲ್ಲಿಯೇ ಎಚ್ಚರ ಬೇಕಾಗುವುದು. ಸಂತಾನಹರಣ ಮಾಡಿಸದೆ ಪರ್ಶಿಯನ್ ಬೆಕ್ಕನ್ನು ಯಾರಿಗೂ ಕೊಡಬೇಡಿರಿ, ಏಕೆಂದರೆ ಕೇಳುವವರಲ್ಲಿ ಮರಿ ಮಾಡಿಸಿ ಮಾರುವವರು ಇರುತ್ತಾರೆ. ದಿನವೂ ಕೂದಲು ಬಾಚಿ, ಕಣ್ಣು ಒರೆಸಲು ಆಗುತ್ತದೆಯೇ ಎಂದು ಕೇಳಿರಿ. ಕೂದಲು ಗಂಟುಕಟ್ಟಿ ಚರ್ಮ ಹುಣ್ಣಾದ ಮೇಲೆ ಬೀದಿಗೆ ಬಿದ್ದ ಪರ್ಶಿಯನ್‌ಗಳು ಈ ಊರಿನಲ್ಲಿ ಕಡಿಮೆಯಿಲ್ಲ, ಅವಕ್ಕೆ ನಾಟಿ ಬೆಕ್ಕಿನಂತೆ ಬೀದಿಯಲ್ಲಿ ಬಾಳಲು ಬರುವುದಿಲ್ಲ.

ಊರಿನ ತೋಟದ ಮನೆಯವರು ಇಲಿ ಹಿಡಿಯಲು ಬೇಕೆನ್ನುತ್ತಾರೆ. ಕೊಡಬಹುದೆ?

ಬೀದಿಯಲ್ಲಿ ಬೆಳೆದ, ಮನುಷ್ಯರಿಗೆ ಅಷ್ಟಾಗಿ ಒಗ್ಗದ, ಆದರೆ ಇದ್ದಲ್ಲಿ ಇರಲಾಗದ ಬೆಕ್ಕಿಗೆ ಅದು ಒಳ್ಳೆಯ ಜಾಗವೇ. ಷರತ್ತು ಎರಡು. ಇಲಿ ಸಿಗುತ್ತದೆಂದು ಊಟ ತಪ್ಪಿಸಬಾರದು. ಹೊಟ್ಟೆ ತುಂಬಿದ ಬೆಕ್ಕೂ ಇಲಿ ಹಿಡಿಯುತ್ತದೆ. ತೋಟದಲ್ಲಿ ಇಲಿ ಪಾಷಾಣ ಇಡಬಾರದು, ಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು. ಒಯ್ದ ದಿನವೇ ಅಂಗಳದಲ್ಲಿ ಬಿಟ್ಟರೆ ಅದು ಮಾಯವಾಗುತ್ತದೆ. ಮೂರು ನಾಲ್ಕು ವಾರ ಸೌದೆ ಕೊಟ್ಟಿಗೆಯಂತಹ ಮುಚ್ಚಿದ ಜಾಗದಲ್ಲಿಟ್ಟು, ಹೊತ್ತಿಗೆ ಸರಿಯಾಗಿ ಕರೆದು ಊಟ ಕೊಟ್ಟ ಮೇಲೆಯೇ ಬಾಗಿಲು ತೆರೆಯಬೇಕು.

ಹೊಸ ಮನೆಯ ಮೊದಲ ದಿನಗಳು ಹೇಗಿರಬೇಕು?

ಬುಟ್ಟಿಯಲ್ಲಿಯೋ ಕ್ಯಾರಿಯರ್‌ನಲ್ಲಿಯೋ ಹಾಕಿ, ಮೇಲೆ ಬಟ್ಟೆ ಹೊದಿಸಿ ಒಯ್ಯಿರಿ. ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋಗುವುದು ಬೇಡ, ಸಿಗ್ನಲ್ಲಿನ ಒಂದು ಹಾರ್ನ್ ಸಾಕು. ಅದು ಮಲಗುತ್ತಿದ್ದ ಹಳೆಯ ಬಟ್ಟೆಯನ್ನೂ, ಬಳಸಿದ ಲಿಟರ್‌ನ ಒಂದು ಹಿಡಿಯನ್ನೂ ಜೊತೆಗೆ ಕಳುಹಿಸಿದರೆ ಹೊಸ ಜಾಗದಲ್ಲಿ ತನ್ನದೇ ವಾಸನೆ ಸಿಗುತ್ತದೆ. ಮೊದಲ ವಾರ ಒಂದೇ ಕೋಣೆ ಸಾಕು. ಮಂಚದ ಕೆಳಗಿನಿಂದ ಎಳೆಯಬೇಡಿರಿ, ನೆರೆಹೊರೆಯವರನ್ನು ಕರೆದು ತೋರಿಸಬೇಡಿರಿ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಎರಡು ವಾರ ಬೇರೆಯಾಗಿಟ್ಟು, ಬಟ್ಟೆ ಬದಲಾಯಿಸಿ ವಾಸನೆಯ ಪರಿಚಯ ಮಾಡಿಸಿ, ಆಮೇಲೆ ಮುಖ ತೋರಿಸಬೇಕು. ಒಂದು ಹೊತ್ತು ಊಟ ಬಿಟ್ಟರೆ ಗಾಬರಿಯಿಲ್ಲ. ಇಡೀ ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಿರಿ, ಉಪವಾಸ ಬಿದ್ದ ಬೆಕ್ಕಿನ ಯಕೃತ್ತು ಬೇಗ ಹಾಳಾಗುತ್ತದೆ.

ಹಿಡಿಯುವಾಗ ಪರಚಿತು, ಕಚ್ಚಿತು. ಚಿಕ್ಕ ಗಾಯ, ಪರವಾಗಿಲ್ಲವೆ?

ಪರವಾಗಿಲ್ಲ ಎಂದುಕೊಳ್ಳಬೇಡಿರಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಹಾಕಬೇಡಿರಿ.

ಕೊಟ್ಟ ಬೆಕ್ಕನ್ನು ಮರಳಿಸುತ್ತೇವೆ ಎಂದರೆ?

ವಾದ ಮಾಡದೆ ತೆಗೆದುಕೊಳ್ಳಿರಿ. ಮರಳಿ ತರಲು ನಾಚಿಕೆಯಾಗುವಂತೆ ಮಾತನಾಡಿದರೆ, ಮುಂದಿನ ಸಲ ಅವರು ನಿಮಗೆ ಹೇಳದೆ ಗೇಟಿನಾಚೆ ಬಿಟ್ಟುಬಿಡುತ್ತಾರೆ. ಮೂರನೇ ದಿನ, ಮೂರನೇ ವಾರ, ಮೂರನೇ ತಿಂಗಳು ನೀವೇ ಕರೆ ಮಾಡಿ ವಿಚಾರಿಸುತ್ತಿದ್ದರೆ ತೊಂದರೆ ಬೆಳೆಯುವ ಮೊದಲೇ ತಿಳಿಯುತ್ತದೆ. ಎಷ್ಟೋ ಸಲ ಲಿಟರ್ ಟ್ರೇಯನ್ನು ವಾಷಿಂಗ್ ಮೆಷಿನ್ನಿನ ಪಕ್ಕದಿಂದ ಸದ್ದಿಲ್ಲದ ಮೂಲೆಗೆ ಸರಿಸಿದ್ದರಿಂದಲೇ ಮರಳಬೇಕಿದ್ದ ಬೆಕ್ಕು ಅಲ್ಲಿಯೇ ಉಳಿದಿದೆ. ಮರಳಿ ಬಂದದ್ದಕ್ಕೆ ಹೊಸ ಜಾಹೀರಾತು ಬರೆಯುವಾಗ, ಏಕೆ ಮರಳಿತು ಎಂಬುದನ್ನೂ ಅದರಲ್ಲಿಯೇ ಬರೆಯಿರಿ.